ಮುಷ್ಟಿ ಗಡಗಿಯಲ್ಲಿ ಬಣ್ಣದ ಡಬ್ಬಿ

ಕಳೆದ ವಾರ ನನ್ನ ಕೈ ನನಗೆ ಗೊತ್ತಿಲ್ಲದೆ ಮಾಡುತ್ತಿದ್ದ ಒಂದು ಕೆಲಸವನ್ನು ನಾನೇ ಹಿಡಿದುಬಿಟ್ಟೆ. ಖಾನಾಪುರದ ನನ್ನ ಬಾಡಿಗೆ ಖೋಲಿಯಲ್ಲಿ ಚೀಲದಿಂದ ಕುಕ್ಕರಿಗೆ ಒಂದು ವಾಟಿ ಅಕ್ಕಿ ಸುರಿದೆ. ಇನ್ನು ನೀರು ಹಾಕಬೇಕು, ಅಷ್ಟರಲ್ಲಿ ಬಲಗೈ ಕುಕ್ಕರಿನೊಳಗೆ ಹೋಗಿ ಒಂದು ಮುಷ್ಟಿ ಅಕ್ಕಿ ತೆಗೆದು, ಅದನ್ನು ಅದೇ ಚೀಲಕ್ಕೆ ವಾಪಸ್ ಹಾಕಿ, ಏನೂ ಆಗಿಲ್ಲ ಎನ್ನುವಂತೆ ನಲ್ಲಿ ತಿರುಗಿಸಿತು.

ನಿಂತು ಯೋಚಿಸಿದೆ. ಈ ಖೋಲಿಗೆ ಬಂದು ಎರಡು ವರ್ಷವಾಯಿತು. ಎರಡು ವರ್ಷದಿಂದಲೂ ನಾನು ದಿನಾ ಇದನ್ನೇ ಮಾಡುತ್ತಿದ್ದೇನೆ! ಊಟವಾದ ಒಂದು ಗಂಟೆಗೆ ಮತ್ತೆ ಬಿಸ್ಕತ್ತು ಹುಡುಕುವುದು ಯಾಕೆಂದು ಈಗ ಗೊತ್ತಾಯಿತು ನೋಡಿ. ಚೀಲದಿಂದ ತೆಗೆದದ್ದು ಚೀಲಕ್ಕೇ. ಇದಕ್ಕೆ ಉಳಿತಾಯ ಅನ್ನಬೇಕೋ ಉಪವಾಸ ಅನ್ನಬೇಕೋ ತಿಳಿಯಲಿಲ್ಲ.

ಉಳಿತಾಯದ ಮಾತು ಬಂತಲ್ಲ, ಅದು ಸದ್ಯ ನನ್ನ ಹೊಸ ಹುಚ್ಚು. ನನ್ನ ಕೆಲಸ ಮದುವೆ ವಿಡಿಯೋ ಕತ್ತರಿಸಿ ಜೋಡಿಸುವುದು. ಯಾರೂ ಕಲಿಸಿಲ್ಲ, ಫೋನ್ ನೋಡಿ ನೋಡಿ ಕಲಿತದ್ದು. ಹಾಗೆಯೇ ಹಣ ಉಳಿಸುವುದನ್ನೂ ಫೋನಿನಲ್ಲೇ ಕಲಿಯೋಣವೆಂದು ಒಂದು ಆ್ಯಪ್ ಹಾಕಿಕೊಂಡೆ. ಅದು ಮೊದಲಿಗೇ ಕೇಳಿತು: ನಿಮ್ಮ ತಿಂಗಳ ಆದಾಯ ಎಷ್ಟು? ನಾನು ಬೆರಳು ಎತ್ತಿಕೊಂಡು ಕುಳಿತೆ. ಯಾವ ತಿಂಗಳದ್ದು ಹೇಳಲಿ? ವೈಶಾಖದಲ್ಲಿ ನಾನು ಸಾಹುಕಾರತಿ. ಆಷಾಢದಲ್ಲಿ ಯಾರೂ ಮದುವೆಯಾಗುವುದಿಲ್ಲ, ಪಿತೃಪಕ್ಷದಲ್ಲಿ ಆಗುವುದಿಲ್ಲ, ಧನುರ್ಮಾಸದಲ್ಲಿ ಆಗುವುದಿಲ್ಲ. ಆ ಜಾಗ ಖಾಲಿ ಬಿಟ್ಟು ಮುಂದೆ ಹೋಗೋಣವೆಂದರೆ ಆ್ಯಪ್ ಬಿಡಲಿಲ್ಲ. ಕೊನೆಗೆ ಬಾಯಿಗೆ ಬಂದ ಒಂದು ಅಂಕಿ ಒತ್ತಿದೆ. ಈಗ ಆಷಾಢ. ಅದು ದಿನಾ ಬೆಳಿಗ್ಗೆ ಕೆಂಪು ಅಕ್ಷರದಲ್ಲಿ ನನ್ನನ್ನು ಬೈಯುತ್ತದೆ.

ಈ ಪ್ರಶ್ನೆಯನ್ನು ಯಾರಾದರೂ ನನ್ನ ಅಪ್ಪನಿಗೆ ಕೇಳಬೇಕಿತ್ತು.

ಅಪ್ಪ ಬೆಳಗಾವಿಯ ಆಟೋ ನಗರದಲ್ಲಿ ಲಾರಿಗಳಿಗೆ ಬಣ್ಣ ಹಚ್ಚುವವನು. ಬರೀ ಬಣ್ಣವಲ್ಲ, ನವಿಲು, ಕಮಲ, ಹುಲಿಯ ಕಣ್ಣು, ಹಿಂದೆ ಒಂದು ಸಾಲು ಉಪದೇಶ, ಎಲ್ಲ ಕೈಯಲ್ಲೇ. ಲಾರಿ ಬಂದರೆ ರೊಕ್ಕ, ಬರದಿದ್ದರೆ ಇಲ್ಲ. ಬಣ್ಣ ಹಚ್ಚಿ ಮುಗಿಸಿದ ಲಾರಿಗೆ ಅವನು ಒಂದು ರಟ್ಟಿನ ಬೋರ್ಡು ನೇತುಹಾಕುತ್ತಿದ್ದ: "ಹಸಿ ಐತಿ, ಮುಟ್ಟಬ್ಯಾಡ್ರಿ." ನಾನು ಸಾಲೆ ಬಿಟ್ಟು ಬರುವಾಗ ನಿಂತು ನೋಡುತ್ತಿದ್ದೆ. ಆ ಬೋರ್ಡು ಓದಿದವರಲ್ಲಿ ಒಬ್ಬರೂ ಒಂದು ಬೆರಳು ಹಚ್ಚಿ ನೋಡದೆ ಮುಂದೆ ಹೋಗುತ್ತಿರಲಿಲ್ಲ. ಓದುಬಾರದವರು ಮಾತ್ರ ಮುಟ್ಟದೆ ಹೋಗುತ್ತಿದ್ದರು.

ನಾವಿದ್ದದ್ದು ಆಟೋ ನಗರದ ಹಿಂದಿನ ಒಂದು ಚಾಳಿನಲ್ಲಿ. ಸಾಲಾಗಿ ಏಳು ಖೋಲಿಗಳು. ಕೊನೆಯದರಲ್ಲಿ ಚಾಳಿನ ಮಾಲಕಿ ಮಾವಶಿ, ಅರ್ಧ ಮರಾಠಿ ಅರ್ಧ ಕನ್ನಡ, ಬಾಯಿ ಮಾತ್ರ ಪೂರ್ತಿ. ಒಂದು ಲಾರಿ ಮುಗಿದ ಸಂಜೆ ಅಪ್ಪ ಅಂಗಿಯ ಕಿಸೆಯಿಂದ ನೋಟು ತೆಗೆದು ಅವ್ವನ ಮುಂದೆ ಹಿಡಿಯುತ್ತಿದ್ದ.

"ತಗೋ, ಹತ್ತ ಗಾಲೀದು ಮುಗೀತು."

ಅವ್ವ ಕೈ ಚಾಚುತ್ತಿರಲಿಲ್ಲ. "ಜಗಲೀ ಮ್ಯಾಲ ಇಡ್ರಿ. ಹಸಿ ಐತಿ."

ಇದು ನಮ್ಮ ಮನೆಯ ಕಾನೂನು. ಬಂದ ರೊಕ್ಕ ಮೂರು ದಿನ ಹಸಿ. ದೇವರ ಜಗಲಿಯ ಮೇಲೆ ವಿಭೂತಿಯ ಬಾಜುಕ್ಕೆ ಇರಬೇಕು, ಯಾರೂ ಮುಟ್ಟುವಂತಿಲ್ಲ. ನಾನು ಅದನ್ನು ಖರೇ ಅಂದುಕೊಂಡಿದ್ದೆ. ಅಪ್ಪನ ಕೈಯಿಂದ ಬಂದದ್ದೆಲ್ಲ ಹಸಿಯೇ ಇರುತ್ತಿತ್ತಲ್ಲ! ಒಂದು ಸಲ ಯಾರೂ ಇಲ್ಲದಾಗ ಬೆರಳು ಹಚ್ಚಿ ನೋಡಿ ಓಡಿ ಬಂದು ವರದಿ ಕೊಟ್ಟೆ.

"ಅವ್ವಾ, ಒಣಗೇತಿ!"

"ಮ್ಯಾಲ ಒಣಗಿರತೈತಿ, ಒಳಗ ಹಸಿ ಇರತೈತಿ. ನಿಮ್ಮಪ್ಪನ್ನ ಕೇಳು. ಅವಸರಾ ಮಾಡಿದ್ರ ಬಟ್ಟಿನ ಗುರ್ತು ಬೀಳತೈತಿ. ಒಮ್ಮಿ ಬಿತ್ತಂದ್ರ ಹೋಗಂಗಿಲ್ಲ."

ಆ ಮೂರು ದಿನ ಏನಾಗುತ್ತಿತ್ತು ಗೊತ್ತೇ? ಮೊದಲ ದಿನ ಅಪ್ಪನಿಗೆ ಹೊಸ ಚಪ್ಪಲಿ ಬೇಕೇ ಬೇಕಾಗಿರುತ್ತಿತ್ತು. ಎರಡನೇ ದಿನ ಹಳೆಯದಕ್ಕೇ ಪಟ್ಟಿ ಹಾಕಿಸಿದರೆ ಸಾಕೆನಿಸುತ್ತಿತ್ತು. ಮೂರನೇ ದಿನ ತಾನೇ ಒಂದು ಮೊಳೆ ಬಡಿದು ಅದನ್ನು ಮೆಟ್ಟಿಕೊಂಡು ಹೊರಟಿರುತ್ತಿದ್ದ. ನಾಲ್ಕನೇ ದಿನ ಅವ್ವ ನೋಟು ಕೈಗೆತ್ತಿಕೊಳ್ಳುವಳು. ಮೊದಲು ಬೀಡಿ ಎಂಬ ನಮ್ಮ ಮೂಲ ಊರಿನಿಂದ ಒಂದು ಚೀಲ ಅಕ್ಕಿ. ಆಮೇಲೆ ಮಾವಶಿಯ ಬಾಡಿಗೆ. ಆಮೇಲೆ ಸಾಲೆ, ಎಣ್ಣೆ, ಸಾಬೂನು. ಆ ಸಾಬೂನನ್ನೂ ತಂದ ಕೂಡಲೇ ದಾರದಿಂದ ಮೂರು ತುಂಡು ಮಾಡಿ ಬಿಸಿಲಿಗೆ ಇಡುತ್ತಿದ್ದಳು. ಒಣಗಿದ ಸಾಬೂನು ಸವೆಯುವುದು ನಿಧಾನವಂತೆ. ಎಲ್ಲ ಮುಗಿದು ಏನಾದರೂ ಉಳಿದರೆ ಅಪ್ಪ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ನನ್ನನ್ನು ಕೂರಿಸಿಕೊಂಡು ಕ್ಯಾಂಪ್ ಬಡಾವಣೆಯ ಬೇಕರಿಗೆ ಹೋಗುತ್ತಿದ್ದ. ಅಲ್ಲಿ ಬಿಸ್ಕತ್ತಿನ ಚೂರು ತೂಕದ ಮೇಲೆ ಸಿಗುತ್ತಿತ್ತು. ಬಿಸ್ಕತ್ತು ಹುಟ್ಟುವುದೇ ಚೂರಾಗಿ, ಗಾಜಿನ ಬರಣಿಯಲ್ಲಿ ಇಡಿಯಾಗಿ ಇರುವವು ನೋಡುವುದಕ್ಕೆ ಮಾತ್ರ ಎಂದು ನಾನು ಬಹಳ ದಿನ ನಂಬಿದ್ದೆ.

ಲಾರಿ ಸಾಲಾಗಿ ಬಂದ ತಿಂಗಳಲ್ಲೂ ಅವ್ವ ಊಟ ಬಡಿಸುವುದು ಲಾರಿ ಇಲ್ಲದ ತಿಂಗಳ ಹಾಗೆಯೇ. ಅಪ್ಪ ಚೇಷ್ಟೆ ಮಾಡುತ್ತಿದ್ದ: "ಮಂದೀಗೆ ವರ್ಷಕ್ಕ ಒಂದ ಆಷಾಢ. ನಿಮ್ಮವ್ವನ ಕ್ಯಾಲೆಂಡರದಾಗ ಹನ್ನೆರಡು ಅದಾವು."

ಇನ್ನು ಆ ಮುಷ್ಟಿಯ ಕತೆ. ಒಲೆಯ ಮೇಲಿನ ಹಲಗೆಯಲ್ಲಿ ಒಂದು ಮಣ್ಣಿನ ಗಡಗಿ ಇತ್ತು. ಖಾನಾಪುರದ ಕುಂಬಾರರದ್ದು, ಅಗಲ ಬಾಯಿಯದ್ದು, ಮೇಲೆ ಬಿಳಿ ಅರಿವೆ ಕಟ್ಟಿದ್ದು. ಅಕ್ಕಿ ತೊಳೆಯುವ ಮೊದಲು ಅದರಿಂದ ಒಂದು ಮುಷ್ಟಿ ತೆಗೆದು ಆ ಗಡಗಿಗೆ ಹಾಕಬೇಕು. ಅದು ಮಠದ ಪಾಲು. ಶ್ರಾವಣದ ಮೂರನೇ ಸೋಮವಾರ ಮಠದಿಂದ ಅಯ್ಯನವರು ಜೋಳಿಗೆ ಹಿಡಿದು ಬರುತ್ತಾರೆ. ಬಾಗಿಲಲ್ಲಿ ನಿಂತು, ಓಣಿಯವರೆಲ್ಲ ನೋಡುವಂತೆ ಗಡಗಿಯನ್ನು ಜೋಳಿಗೆಗೆ ಬರಿದು ಮಾಡಬೇಕು. ಚಾಳಿನಲ್ಲಿ ನಾವು ನಾಲ್ಕು ಮನೆಯವರು ಗಡಗಿ ಇಟ್ಟಿದ್ದೆವು. ಯಾರದು ತುಂಬಿದೆ, ಯಾರದು ಅರ್ಧ ಇದೆ ಎಂಬುದು ಆ ದಿನ ಎಲ್ಲರಿಗೂ ಕಾಣುತ್ತಿತ್ತು. ನಮ್ಮದು ಪ್ರತಿ ವರ್ಷ ಕಂಠದವರೆಗೆ. ಬೇರೆ ಯಾವುದರಲ್ಲೂ ಜಂಬವಿಲ್ಲದ ಅವ್ವನಿಗೆ ಆ ಒಂದು ಗಡಗಿಯ ಜಂಬ ಇತ್ತು.

ನಾನು ಒಂಬತ್ತು ವರ್ಷದವಳಿದ್ದಾಗ ಮಳೆ ಬೇಗ ಹಿಡಿಯಿತು. ತೇವದಲ್ಲಿ ಲಾರಿಗೆ ಬಣ್ಣ ಹಚ್ಚಿದರೆ ಗುಳ್ಳೆ ಏಳುತ್ತದೆ, ಹಾಗಾಗಿ ಯಾರೂ ಹಚ್ಚಿಸುವುದಿಲ್ಲ. ಅಪ್ಪ ದಿನಾ ಆಟೋ ನಗರಕ್ಕೆ ಹೋಗಿ, ಕುಂಚ ತೊಳೆದಿಟ್ಟು, ಚಹಾ ಕುಡಿದು ಬರುತ್ತಿದ್ದ. ಆಮೇಲೆ ಚಹಾ ಕುಡಿಯುವುದನ್ನೂ ಬಿಟ್ಟ. ಆಷಾಢ ಅರ್ಧ ಮುಗಿಯುವಷ್ಟರಲ್ಲಿ ಬೀಡಿಯ ಅಕ್ಕಿಚೀಲ ಮಡಚಿ ಮೂಲೆಗಿಟ್ಟಾಗಿತ್ತು. ಒಂದು ಮಧ್ಯಾಹ್ನ ಅವ್ವ ಹಲಗೆಯಿಂದ ಗಡಗಿ ಇಳಿಸಿ ಅರಿವೆ ಬಿಚ್ಚಿದಳು.

"ಅವ್ವಾ, ಅದು ಅಯ್ಯಾರ್ದಲ್ಲ?"

"ಹೌದು."

"ಮತ್ತ?"

"ಮತ್ತೇನ ಮತ್ತ? ಅಯ್ಯಾರ ಬಂದಾಗ ನಾ ಹೇಳ್ತೇನಿ. ನೀ ತಾಟ ತೊಗೊಂಡು ಕುಂದ್ರು."

ಐದು ಮುಷ್ಟಿ ತೆಗೆದಳು. ಒಂದು ಕ್ಷಣ ನಿಂತಳು. ಆಮೇಲೆ ಆ ಐದರಲ್ಲಿ ಒಂದು ಮುಷ್ಟಿ ತಿರುಗಿ ಗಡಗಿಗೆ ಹಾಕಿದಳು. "ಇವತ್ತಿನ ಮುಷ್ಟಿ ಹಾಕೂದ ಬಿಡಬಾರದು," ಅಂದಳು. ಗಡಗಿಯಿಂದ ತೆಗೆದದ್ದು ಗಡಗಿಗೇ. ನನ್ನ ಕೈ ಇದನ್ನು ಎಲ್ಲಿ ಕಲಿಯಿತೆಂದು ಈಗ ನಿಮಗೂ ಗೊತ್ತಾಯಿತು.

ಶ್ರಾವಣ ಬಂತು. ಗಡಗಿಯ ತಳದಲ್ಲಿ ನಾಲ್ಕು ಬೆರಳು ಅಕ್ಕಿ ಉಳಿದಿತ್ತು. ಅವ್ವ ಪಾತ್ರೆ ತಿಕ್ಕುವಾಗ ತುಟಿಯೊಳಗೇ ಏನೋ ಹೇಳಿಕೊಳ್ಳುತ್ತಿದ್ದಳು. ಕಿವಿಗೊಟ್ಟು ಕೇಳಿದೆ. ಅಯ್ಯನವರಿಗೆ ಹೇಳಬೇಕಾದ ಮಾತನ್ನು ಅಭ್ಯಾಸ ಮಾಡುತ್ತಿದ್ದಳು. ಒಮ್ಮೆ ಹೀಗೆ ಹೇಳುವಳು, ಒಮ್ಮೆ ಹಾಗೆ. ಸಾಲೆಯಲ್ಲಿ ಪದ್ಯ ಬಾರದೆ ನಿಂತವರನ್ನು ನೋಡಿದ್ದೆ ನಾನು. ಅವ್ವ ಹಾಗೆ ಓಣಿಯ ಮುಂದೆ, ಮಾವಶಿಯ ಮುಂದೆ ನಿಲ್ಲುವುದು ನನಗೆ ಬೇಡವಾಗಿತ್ತು. ಆ ಅಕ್ಕಿ ತಿಂದವರಲ್ಲಿ ನಾನೂ ಒಬ್ಬಳಲ್ಲವೇ? ಅದೂ ಎರಡನೇ ಸಲ ನೀಡಿಸಿಕೊಂಡು.

ಭಾನುವಾರ ರಾತ್ರಿ ಅಡಿಗೆ ಊಟ ಎಲ್ಲ ಮುಗಿದು ಅವ್ವ ನೀರಿಗೆ ಹೋದಾಗ ನಾನು ಕೆಲಸ ಶುರುಮಾಡಿದೆ. ಅಪ್ಪನ ಸಾಮಾನಿನಿಂದ ಕೆಂಪು ಬಣ್ಣದ ನಾಲ್ಕು ಲೀಟರಿನ ಖಾಲಿ ಡಬ್ಬಿ ತೆಗೆದು ಮುಚ್ಚಳ ಬಿಗಿಯಾಗಿ ಬಡಿದೆ. ಗಡಗಿಯ ಅಕ್ಕಿಯನ್ನು ತಾಟಿಗೆ ಸುರಿದು, ಡಬ್ಬಿಯನ್ನು ಗಡಗಿಯ ನಡುವೆ ಇಟ್ಟು, ಸುತ್ತಲೂ ಹಳೆಯ ಸಾಲೆಯ ಕಾಗದ ತುರುಕಿ, ಮೇಲೆ ಅಕ್ಕಿ ಹರಡಿ ಕೈಯಿಂದ ಸವರಿದೆ. ಕಂಠದವರೆಗೆ ಅಕ್ಕಿ! ಅದು ನನ್ನ ಮೊದಲ ಎಡಿಟಿಂಗ್ ಅನ್ನಿ. ಈಗ ಮೂವತ್ತು ಜನ ಬಂದ ಮದುವೆಯನ್ನು ಮುನ್ನೂರು ಜನ ಬಂದಂತೆ ತೋರಿಸಿ ರೊಕ್ಕ ತೆಗೆದುಕೊಳ್ಳುತ್ತೇನಲ್ಲ, ಅದೇ ವಿದ್ಯೆ. ಗಡಗಿಯನ್ನು ಬಾಗಿಸಿದಾಗ ಏನಾಗುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ.

ಸೋಮವಾರ ಅಯ್ಯನವರು ಬಂದರು. ಹಳೇ ಸ್ಕೂಟರು, ಹಣೆ ತುಂಬ ವಿಭೂತಿ, ಹೆಗಲಿಗೆ ಜೋಳಿಗೆ. ಇಳಿಯುವಾಗಲೇ "ಶಿವನ, ಮಣಕಾಲ ಹೋತು" ಅನ್ನುತ್ತ ಇಳಿದರು. ಮಳೆ ಸ್ವಲ್ಪ ಬಿಟ್ಟಿತ್ತು, ಚಾಳಿನವರೆಲ್ಲ ಬಾಗಿಲಿಗೆ ಬಂದಿದ್ದರು. ಅವ್ವ ಗಡಗಿ ತಂದಳು. ಹೇಳಬೇಕಾದ ಮಾತು ಬಾಯಿಗೆ ಬಂದಿರಬೇಕು, ತುಟಿ ಅಲುಗಿದ್ದನ್ನು ನೋಡಿದೆ. ಅರಿವೆ ಬಿಚ್ಚಿದಳು.

ಗಡಗಿ ತುಂಬಿದೆ.

ಅವ್ವನ ಮುಖ ನಾನು ಮರೆತಿಲ್ಲ. ಒಂದು ಸಲ ಗಡಗಿ ನೋಡಿದಳು, ಒಂದು ಸಲ ಒಳಗೆ ದೇವರ ಜಗಲಿಯ ಕಡೆ ನೋಡಿದಳು. ಕಣ್ಣು ತುಂಬಿಕೊಂಡವು. ದೇವರೇ ರಾತ್ರೋರಾತ್ರಿ ಬಂದು ತುಂಬಿಸಿ ಹೋಗಿದ್ದಾನೆ ಎಂದು ನನ್ನ ಅವ್ವ ಆ ಒಂದು ಕ್ಷಣ ಖರೇ ನಂಬಿದಳು. ಬೇಡ ಅವ್ವಾ, ಸುರಿಯಬೇಡ ಎಂದು ಕೂಗಬೇಕೆನಿಸಿತು.

"ಸುರವು ತಂಗಿ," ಅಂದರು ಅಯ್ಯನವರು.

ಅವ್ವ ಸುರಿದಳು. ಅಕ್ಕಿಯ ಹಿಂದೆ ನನ್ನ ಗಣಿತದ ಹಾಳೆಗಳು ಬಂದವು. ಅವುಗಳ ಹಿಂದೆ ಡಬ್ಬಿ ಬಂದು ಜೋಳಿಗೆಯ ಅಂಚಿಗೆ ಬಡಿದು, ಕಲ್ಲಿನ ಮೇಲೆ ಬಿದ್ದು, ಢಣ್ ಢಣ್ ಎನ್ನುತ್ತ ಮೂರು ಖೋಲಿ ದಾಟಿ ಉರುಳಿತು.

"ಅಗ ಬಾಯಿ!" ಮಾವಶಿ ಮೊದಲು ಬಾಯಿ ಬಿಟ್ಟಳು. "ಬೀಡಿ ಅಕ್ಕ್ಯಾಗ ಡಬ್ಬೀನೂ ಬೆಳಿತಾವೇನ?"

ಅಯ್ಯನವರು ಡಬ್ಬಿಯನ್ನೇ ನೋಡುತ್ತಿದ್ದರು. "ಯಾಕ ತಂಗಿ, ಈ ವರ್ಷ ಮಠಕ್ಕ ಬಣ್ಣಾ ಕೊಡವ್ರೇನು?"

ಓಣಿಯೆಲ್ಲ ನಕ್ಕಿತು. ಹಿಂದೆ ನಿಂತಿದ್ದ ಅಪ್ಪನಿಗೆ ಆ ಹೊತ್ತಿನಲ್ಲಿ ಹೊಳೆದದ್ದು ಒಂದೇ ಮಾತು: "ಅದು ನಂದ ಡಬ್ಬಿ. ನಿನ್ನಿಯಿಂದ ಹುಡಕಾಕತ್ತೇನಿ."

ಅವ್ವ ನಗಲಿಲ್ಲ. ನನ್ನನ್ನು ನೋಡಿದಳು, ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು. ಸೆರಗು ಸರಿಮಾಡಿಕೊಂಡು ಅಯ್ಯನವರ ಕಡೆ ತಿರುಗಿದಳು. ಅಭ್ಯಾಸ ಮಾಡಿದ ಮಾತು ಒಂದೂ ಬರಲಿಲ್ಲ.

"ಅಯ್ಯಾರ, ಲಾರಿ ಬಂದಿಲ್ರಿ. ಗಡಗ್ಯಾಗಿಂದು ನಾವ ಉಂಡೇವ್ರಿ. ನಿಮಗ ಹೇಳಬೇಕಂತನ ಮಾಡಿದ್ನಿ. ಈ ಡಬ್ಬಿ ಸಂಗತಿ ನನಗ ಗೊತ್ತಿಲ್ರಿ."

ಅಯ್ಯನವರು ನಮ್ಮ ಮೆಟ್ಟಿಲ ಮೇಲೆ ಕುಳಿತು ಮಂಡಿ ಒತ್ತಿಕೊಂಡರು.

"ಉಂಡ್ರಲ್ಲ, ಚಲೋ ಆತು. ನಮ್ಮ ಮನಿಯಾಕೀನೂ ಗಡಗ್ಯಾಗಿಂದ ಉಂಡಾಳ."

"ಅಂದ್ರ?"

"ಅಂದ್ರೇನ? ಜೋಳಗ್ಯಾಗ ಬಂದದ್ರಾಗ ನನ್ನ ಪಾಲಿಗೆ ಬರೂದ ಇಷ್ಟ. ಅದ್ರಾಗೂ ದಿನಾ ಒಂದು ಮುಷ್ಟಿ ತಗದು ನಮ್ಮಾಕಿ ಬ್ಯಾರೆ ಗಡಗ್ಯಾಗ ಇಡ್ತಾಳ. ನಿಮಗರ ವರ್ಷ ಪೂರ್ತಿ ಲಾರಿ ಬರ್ತಾವು, ಹೋಗ್ತಾವು. ನನಗ ಇರೂದ ಒಂದ ಶ್ರಾವಣ. ಉಳದ ಹನ್ನೊಂದು ತಿಂಗಳ ಗಾಳಿ ತಿನ್ನೂದೇನು?"

ಅಯ್ಯನವರ ಮನೆಯಲ್ಲೂ ಒಲೆ ಇದೆ, ಅದರ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಒಂದು ಗಡಗಿ ಇರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಾವಶಿ ಒಳಗೆ ಹೋಗಿ ಅವರಿಗೆ ಚಹಾ ತಂದಳು.

ಚಹಾ ಮುಗಿಸಿ ಅಯ್ಯನವರು ಎದ್ದರು. "ಈ ಅಕ್ಕಿ ತಿರಗಿ ತಗೋ. ಒಂದ ಮುಷ್ಟಿ ಅಷ್ಟ ಹಾಕು, ಖಾಲಿ ಜೋಳಗಿ ಒಯ್ಯೂ ಹಂಗಿಲ್ಲ. ಮತ್ತ ಡಬ್ಬಿ ತೋರಸಿ ಆಸೆ ಹಚ್ಚೀರಿ. ಮಳಿ ನಿಂತ ಮ್ಯಾಲ ನಿನ್ನ ಗಂಡನ್ನ ಕಳಸು. ಮಠದ ಬಾಗಲಾ ಬಣ್ಣಾ ಕಂಡು ಭಾಳ ದಿನಾ ಆಗೇತಿ."

ದಸರೆಯ ಮುಂದೆ ಅಪ್ಪ ಹೋಗಿ ಹಚ್ಚಿ ಬಂದ. ಒಂದು ಪೈಸೆ ಮುಟ್ಟಲಿಲ್ಲ. ಆದರೆ ಕೈಗೆ ಬಿದ್ದ ರೂಢಿ ಎಲ್ಲಿ ಹೋಗುತ್ತದೆ? ಎರಡು ಕದಕ್ಕೂ ನವಿಲು ಬಂತು, ಕಮಲ ಬಂತು, ಅಂಚಿಗೆ ಹಳದಿ ಕಪ್ಪು ಪಟ್ಟಿ ಬಂತು. ದೂರದಿಂದ ನೋಡಿದವರಿಗೆ ಮಠದ ಮುಂದೆ ಒಂದು ಲಾರಿ ಹಿಂಬದಿ ತಿರುಗಿಸಿ ನಿಂತಂತೆ ಕಾಣುತ್ತಿತ್ತು. ಅಯ್ಯನವರು ಮೆಚ್ಚಿಕೊಂಡರು.

ನನಗೆ ಪೆಟ್ಟು ಬೀಳಲಿಲ್ಲ. ಪೆಟ್ಟು ಬಿದ್ದಿದ್ದರೆ ಚೆನ್ನಾಗಿತ್ತು. ಆ ಡಬ್ಬಿಯ ಬಾಜು ಒಂದು ರಾತ್ರಿ ಕುಳಿತ ಅಕ್ಕಿಗೆ ಬಣ್ಣ ತೆಳುಮಾಡುವ ಥಿನ್ನರಿನ ವಾಸನೆ ಹತ್ತಿತ್ತು. ಚೆಲ್ಲುವ ಮಾತೇ ಇಲ್ಲ. ಏಳು ನೀರಿನಲ್ಲಿ ತೊಳೆದು ಬೇಯಿಸಿದ ಆ ಅನ್ನವನ್ನು ಮೂವರೂ ಮೂರು ದಿನ ಉಂಡೆವು. ಪ್ರತಿ ಸಲ ನನ್ನ ತಾಟಿಗೆ ನೀಡುವಾಗ ಅವ್ವ ಅಂದದ್ದು ಇಷ್ಟೇ: "ಉಣ್ಣು, ನಿನ್ನ ಪವಾಡ."

ಆಮೇಲಿನ ವರ್ಷಗಳಲ್ಲಿ ಶ್ರಾವಣದ ಮೂರನೇ ಸೋಮವಾರ ಸ್ಕೂಟರಿನ ಸಪ್ಪಳ ಕೇಳಿದರೆ ಸಾಕು, ನಾನು ಮಾವಶಿಯ ಮಲಗುವ ಕಾಟಿನ ಕೆಳಗೆ ಇರುತ್ತಿದ್ದೆ. ಕಾಟಿನ ಕೆಳಗೆ ಹಿಡಿಸದಷ್ಟು ಬೆಳೆದ ಮೇಲೆ ಆ ದಿನ ಮನೆಯಲ್ಲೇ ಇರುತ್ತಿರಲಿಲ್ಲ. ಆ ಗಡಗಿಯೊಳಗೆ ಇಣುಕುವ ಧೈರ್ಯವನ್ನೂ ಮತ್ತೆ ಮಾಡಲಿಲ್ಲ.

ಇಷ್ಟೆಲ್ಲ ನೆನಪಾಗಿ, ಮೊನ್ನೆ ಶನಿವಾರ ಬಸ್ಸು ಹತ್ತಿ ಬೆಳಗಾವಿಗೆ ಹೋದೆ. ಅಪ್ಪ ಅವ್ವ ಈಗಲೂ ಅದೇ ಚಾಳಿನಲ್ಲಿದ್ದಾರೆ. ಗಡಗಿ ಬೇಕು ಅಂದೆ.

"ನಿನಗ್ಯಾಕಬೇ ಗಡಗಿ?" ಅಂದಳು ಅವ್ವ. "ಉಳಸೂದು ಗಿಳಸೂದು ಎಲ್ಲಾ ಫೋನಿನಾಗ ಐತಿ ಅಂತಿದ್ದಿ?"

"ಫೋನಿನಾಗ ಅಕ್ಕಿ ಹಿಡಸಂಗಿಲ್ಲ ಅವ್ವಾ."

ಅಪ್ಪ ಮೂಲೆಯಿಂದ, "ಆಷಾಢದಾಗ ಕೆಲಸಾ ಇಲ್ಲಂತ ಕಾಣತೈತಿ," ಅಂದ. ಅವನಿಗೆ ಇಂಥದ್ದು ಬೇಗ ಗೊತ್ತಾಗುತ್ತದೆ. ಅವ್ವ ತನಗೊಂದು ಸ್ಟೀಲಿನದು ಮಾಡಿಕೊಳ್ಳುತ್ತೇನೆಂದು ಹೇಳಿ, ಒಳಗೆ ಬಹಳ ಹೊತ್ತು ಏನೋ ಸಪ್ಪಳ ಮಾಡಿ, ಹಳೇ ಸೀರೆಯಲ್ಲಿ ಗಂಟು ಕಟ್ಟಿದ ಗಡಗಿಯನ್ನು ತಂದು ಕೈಗಿಟ್ಟಳು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪ್ರತಿ ತಗ್ಗಿಗೂ ಒಳಗೆ ಏನೋ ಠಕ್ ಠಕ್ ಎನ್ನುತ್ತಿತ್ತು.

ಖೋಲಿಗೆ ಬಂದು ಗಂಟು ಬಿಚ್ಚಿದೆ. ಗಡಗಿಯೊಳಗೆ ಡಬ್ಬಿ. ಅದೇ ಡಬ್ಬಿ. ಹಳೆಯ ಬಣ್ಣ ಹೋಗುವಂತೆ ಬೆಂಕಿಗೆ ಹಿಡಿದು, ತಿಕ್ಕಿ ತೊಳೆದು ಇಟ್ಟದ್ದು. ಮುಚ್ಚಳ ಎಬ್ಬಿಸಿದರೆ ಒಳಗೆ ತುಂಬ ಅಕ್ಕಿ. ಮೂಸಿ ನೋಡಿದೆ. ಥಿನ್ನರಿನ ವಾಸನೆ ಇರಲಿಲ್ಲ.

ಫೋನ್ ಮಾಡಿದೆ. "ಅವ್ವಾ, ಇದನ್ನ ಇನ್ನೂ ಇಟ್ಟೀಯೇನ?"

"ಅವತ್ತಿಂದ ಗಡಗ್ಯಾಗ ಐತಲ್ಲ ಅದು. ದಿನಾ ಒಂದ ಮುಷ್ಟಿ ಡಬ್ಬಿ ಒಳಗ, ಒಂದ ಮುಷ್ಟಿ ಡಬ್ಬಿ ಹೊರಗ. ಒಳಗಿಂದು ನಮ್ದು, ಹೊರಗಿಂದು ಅಯ್ಯಾರ್ದು. ಆ ಮ್ಯಾಲ ಯಾವ ಮಳಿಗಾಲದಾಗೂ ಅಯ್ಯಾರ ಪಾಲಿಗೆ ಕೈ ಹಾಕಿಲ್ಲ ನಾ."

"ಅಯ್ಯಾರಿಗೆ ಗೊತ್ತಿತ್ತೇನ?"

"ಅಯ್ಯಾರ ಕಲಿಸಿದ್ದು! ವರ್ಷಾ ಬಂದಾಗ 'ಡಬ್ಬಿ ಹಿಡಕೊಂಡು ಸುರವು ತಂಗಿ' ಅಂತಿದ್ರು, ಓಣಿ ಎಲ್ಲಾ ನಗತಿತ್ತು. ನಾನೂ ನಗತಿದ್ನಿ. ನೀ ಕಾಟಿನ ಬುಡಕ ಅಡಗಿದ್ರ ಹೆಂಗ ಗೊತ್ತಾಗಬೇಕು?"

ಇಷ್ಟು ವರ್ಷ ಅಡಗಿದ್ದು ದಂಡವಾಯಿತಲ್ಲ ಎನಿಸಿತು. ಆಮೇಲೆ ಕೇಳಿದೆ. "ಇಲ್ಲಿ ನನ್ನ ಖೋಲಿಗೆ ಅಯ್ಯಾರು ಬರಂಗಿಲ್ಲ. ಹೊರಗಿಂದು ಯಾರಿಗೆ ಹಾಕ್ಲಿ?"

"ಯಾರರ ಬರ್ತಾರ. ಬರಲಿಲ್ಲಂದ್ರ ನೀನ ಹೊತ್ಕೊಂಡು ಹೋಗು. ಒಳಗಿಂದು ಮಾತ್ರ ಖರೇ ಅಡಚಣಿ ಬಂದಾಗ ಅಷ್ಟ ತಗಿ. ಅದಕ್ಕ ನಿಮ್ಮಪ್ಪ ಮ್ಯಾಲ ಬರದಾರ, ನೋಡು."

ಡಬ್ಬಿಯನ್ನು ಗಡಗಿಯಿಂದ ಹೊರಗೆ ಎತ್ತಿ ಬೆಳಕಿಗೆ ತಿರುಗಿಸಿದೆ. ಸುತ್ತಲೂ ಲಾರಿಯ ಹಿಂದೆ ಇರುವಂಥ ಹಳದಿ ಅಕ್ಷರ, ಪ್ರತಿ ಅಕ್ಷರಕ್ಕೂ ಕಪ್ಪು ನೆರಳು: "ಹಸಿ ಐತಿ, ಮುಟ್ಟಬ್ಯಾಡ್ರಿ."

ಬರೆದು ಎಷ್ಟೋ ವರ್ಷವಾಗಿರಬೇಕು, ಅಂಚಿನ ಬಣ್ಣ ಅಲ್ಲಲ್ಲಿ ಎದ್ದಿತ್ತು. ಪೂರ್ತಿ ಓದಿದೆ. ಓದಿದ ಮೇಲೆ, ಆಟೋ ನಗರದಲ್ಲಿ ಎಲ್ಲರೂ ಮಾಡುತ್ತಿದ್ದ ಹಾಗೆ, ಒಂದು ಬೆರಳು ಹಚ್ಚಿ ನೋಡಿದೆ.